ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸ, ಪ್ರಾರ್ಥನೆಯ ಕಾಲ) ಮೊದಲ ದಿನವೇ ಕಥೋಲಿಕರು ಹಣೆಗೆ ಬೂದಿ ಹಚ್ಕೊಂಡು ಸಾವನ್ನ ಯಾಕೆ ನೆನಪು ಮಾಡ್ಕೋತಾರೆ?

ಹೆದರಿಸೋಕಲ್ಲ, ಇರೋ ದಿನ ಲೆಕ್ಕದ್ದು ಅಂತ ಗೊತ್ತಾದ್ರೆ ಮನಸ್ಸು ದೇವರ ಕಡೆ ತಿರುಗೋದನ್ನ ನಾಳೆಗೆ ಮುಂದೂಡಲ್ಲ, ಅದಕ್ಕೆ. ಆ ಮೊದಲ ದಿನ, ಅಂದ್ರೆ ಬೂದಿ ಬುಧವಾರ, ಗುರುಗಳು ಬೂದಿ ಹಚ್ಚುವಾಗ ನೀನು ಮಣ್ಣು, ಮತ್ತೆ ಮಣ್ಣಿಗೇ ಸೇರ್ತೀಯ ಅಂತ ನೆನಪಿಸ್ತಾರೆ, ಇದು ಬೈಬಲ್‌ನ ಆದಿಕಾಂಡ 3ನೇ ಅಧ್ಯಾಯದ ಮಾತು (ಇದರ ಬದಲು ಪಶ್ಚಾತ್ತಾಪಪಟ್ಟು ಶುಭಸಂದೇಶವನ್ನ ನಂಬು ಅಂತಾನೂ ಹೇಳಬಹುದು, ಎರಡರ ಆಶಯ ಒಂದೇ ಅನ್ಸತ್ತೆ ನನಗೆ).

ಆದ್ರೆ ಆ ಬೂದಿನ ಸುಮ್ನೆ ಬಳಿಯಲ್ಲ, ಸಾಮಾನ್ಯವಾಗಿ ಹಣೆ ಮೇಲೆ ಶಿಲುಬೆ ಗುರುತು ಹಾಕ್ತಾರೆ, ದೀಕ್ಷಾಸ್ನಾನದಲ್ಲಿ ಮಗುವಿನ ಹಣೆಗೆ ಶಿಲುಬೆ ಗುರುತು ಹಾಕಿದ ಜಾಗದಲ್ಲೇ. ಅಂದ್ರೆ ಸಾಯ್ತೀಯ ಅನ್ನೋದೂ ನೀನು ಕ್ರಿಸ್ತನವನು ಅನ್ನೋದೂ ಒಟ್ಟಿಗೇ ಬರತ್ತೆ. ಆ ಬೂದಿನೂ ಹಿಂದಿನ ವರ್ಷ ಗರಿಗಳ ಭಾನುವಾರ (ಯೇಸು ಜೆರುಸಲೇಮಿಗೆ ಬಂದದ್ದನ್ನ ನೆನೆಯೋ, ಈಸ್ಟರ್‌ಗೆ ಹಿಂದಿನ ಭಾನುವಾರ) ಕೈಯಲ್ಲಿ ಹಿಡಿದು ಜೈಕಾರ ಹಾಕಿದ ಗರಿಗಳನ್ನ ಸುಟ್ಟಿದ್ದು, ಇದನ್ನ ನೆನೆಸ್ಕೊಂಡಾಗೆಲ್ಲ ನನಗೆ ಮನಸ್ಸು ತುಂಬಿ ಬರತ್ತೆ.

ಭಾನುವಾರಗಳನ್ನ ಬಿಟ್ಟು ಎಣಿಸಿದ್ರೆ ಬೂದಿ ಬುಧವಾರದಿಂದ ಈಸ್ಟರ್‌ಗೆ 40 ದಿನ. ಉಪವಾಸ, ಪ್ರಾರ್ಥನೆ, ದಾನ ಎಲ್ಲಾ ಇದರೊಳಗೇ. ಉಪವಾಸ ಅಂದ್ರೆ ದೇಹ ಶಾಶ್ವತ ಅಲ್ಲ ಅನ್ನೋದನ್ನ ಹೊಟ್ಟೆಗೇ ಹೇಳಿಕೊಡೋದು, ದಾನ ಅಂದ್ರೆ ಹೇಗೂ ಬಿಟ್ಟುಹೋಗೋದನ್ನ ಬದುಕಿರುವಾಗ್ಲೇ ಪ್ರೀತಿಯಿಂದ ಕೊಡೋದು.