ಬ್ರಾಯ್ಲರ್ ಫೀಡಿಗೆ ಆಂಟಿಬಯಾಟಿಕ್ ಬದಲು ಅರಿಶಿನ, ಬೆಳ್ಳುಳ್ಳಿ ಹಾಕಿದರೆ ನಡೆಯುತ್ತದಾ?

ಸಾವಿರ ಬ್ರಾಯ್ಲರ್ ಸಾಕುತ್ತೀರಿ, ಫೀಡ್ ನೀವೇ ಕಲಸುತ್ತೀರಿ, ಆಂಟಿಬಯಾಟಿಕ್ ಬಿಟ್ಟು ಅರಿಶಿನ, ಬೆಳ್ಳುಳ್ಳಿ ಪುಡಿ ಹಾಕಬೇಕೆಂದಿದ್ದೀರಿ. ಆಂಟಿಬಯಾಟಿಕ್ ಬಿಡಿ, ಒಳ್ಳೆಯದೇ. ಆದರೆ ಕಾಯಿಲೆಗೆ ಡಾಕ್ಟರು ಬರೆದುಕೊಡುವ ಔಷಧಿ ಬೇರೆ, ತೂಕ ಬರಲೆಂದು ಆರೋಗ್ಯವಾಗಿರುವ ಕೋಳಿಗೂ ದಿನಾ ಚೂರುಚೂರು ಹಾಕುವುದು ಬೇರೆ. ಗಿಡಮೂಲಿಕೆ ಸಾರ ತುಂಬಬಲ್ಲದ್ದು ಎರಡನೆಯದರ ಜಾಗ ಮಾತ್ರ. ಆ ಬಳಕೆಯನ್ನು ಯುರೋಪಿನವರು 2006ರಲ್ಲೇ ಪೂರ್ತಿ ನಿಲ್ಲಿಸಿದರು. ನಮ್ಮಲ್ಲಿ 2019ರಿಂದ ಕೋಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ನಿಷೇಧ. ಮನುಷ್ಯರಿಗೆ ಬೇರಾವ ಔಷಧಿಯೂ ನಾಟದಾಗ ಕೊಡುವಂಥದ್ದು ಅದು. ಹಳೇ ಪ್ಯಾಕೆಟ್ ಉಳಿದಿದ್ದರೂ ಮುಟ್ಟಬೇಡಿ.

ಫೀಡ್ ಮಿಲ್ಲಿನಲ್ಲಿ ಕೆಲಸ ಮಾಡುವ ನನಗೆ ಅರಿಶಿನಕ್ಕಿಂತ ಓಮ, ಚಕ್ಕೆ ಮೇಲೆ ನಂಬಿಕೆ ಜಾಸ್ತಿ. ಓಮದೆಣ್ಣೆಯ ಥೈಮಾಲ್, ಚಕ್ಕೆಯ ಸಿನ್ನಮಾಲ್ಡಿಹೈಡ್ ಬ್ಯಾಕ್ಟೀರಿಯಾದ ಹೊರಪೊರೆಯನ್ನೇ ಕೆಡಿಸುತ್ತವೆ. ತೊಡಕು ಏನೆಂದರೆ ಇವು ಹಾರಿಹೋಗುವ ಎಣ್ಣೆಗಳು. ಪೆಲೆಟ್ ಹೊಡೆಯುವಾಗ, ಅಂದರೆ ಪುಡಿಯನ್ನು ಒತ್ತಿ ಗುಳಿಗೆ ಮಾಡುವಾಗ, ಫೀಡ್ 80 ಡಿಗ್ರಿ ಆಸುಪಾಸು ಕಾಯುತ್ತದೆ. ಮಿಲ್ ತುಂಬ ಓಮದ ಘಮ ಎದ್ದಿತೆಂದರೆ ನಮಗೆ ಖುಷಿ, ಕೋಳಿಗೆ ಲುಕ್ಸಾನು. ಉಳಿದದ್ದರಲ್ಲೂ ಬಹುಪಾಲು ಕರುಳಿನ ಮೊದಲ ಭಾಗದಲ್ಲೇ ಹೀರಿಹೋಗುತ್ತದೆ, ಕೆಲಸ ಇರುವುದು ಇನ್ನೂ ಕೆಳಗೆ. ಅದಕ್ಕೇ ಕೊಬ್ಬಿನ ಲೇಪ ಕೊಟ್ಟ ಸಾರ ಮಾರುತ್ತಾರೆ. ದುಬಾರಿ, ಆದರೆ ಎಷ್ಟು ಹಾಕಿದೆವು ಎಂಬ ಲೆಕ್ಕ ಸಿಗುತ್ತದೆ. ಅಂಗಡಿ ಪುಡಿಯಲ್ಲಿ ಅದು ಸಿಗದು: ಮಣ್ಣು, ಕೊಯ್ಲು, ಹಳೇ ದಾಸ್ತಾನು, ಎಲ್ಲದಕ್ಕೂ ಸಾರ ಏರುಪೇರು.

ಇನ್ನು ಲಿಟರ್, ಅಂದರೆ ಶೆಡ್ಡಿನ ನೆಲಕ್ಕೆ ಹಾಸುವ ಹೊಟ್ಟು. ಇದನ್ನು ಯಾರೂ ಕೇಳುವುದಿಲ್ಲ, ಆದರೆ ಅರ್ಧ ಕೆಲಸ ಇರುವುದು ಇಲ್ಲೇ. ನೀರಿನ ನಿಪ್ಪಲ್ ಕೆಳಗಿನ ಭತ್ತದ ಹೊಟ್ಟು ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಸುಕಿ. ಕೈಬಿಟ್ಟ ಮೇಲೂ ಉಂಡೆಯಾಗಿಯೇ ನಿಂತರೆ ತೇವ ಜಾಸ್ತಿ. ಕಾಕ್ಸಿಡಿಯಾ ಎಂಬ ಕರುಳಿನ ಪರೋಪಜೀವಿ ಬಲಿಯುವುದು ಅಲ್ಲೇ, ಅದು ಕರುಳು ಕೆಡಿಸಿದ ಮೇಲೆ ಕ್ಲಾಸ್ಟ್ರೀಡಿಯಂ ಎಂಬ ಬ್ಯಾಕ್ಟೀರಿಯಾ ಹಿಂಬಾಲಿಸುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡರೆ ಬೆಳ್ಳುಳ್ಳಿ ಹುಡುಕುತ್ತಾ ಕೂರಬೇಡಿ, ಅದೇ ದಿನ ಪಶುವೈದ್ಯರನ್ನು ಕರೆಸಿ. ಅವರು ಕೊಟ್ಟ ಔಷಧಿ ನಿಲ್ಲಿಸಿ ಎಷ್ಟು ದಿನ ಕಾದು ಮಾರಬೇಕೆಂದು ಕೇಳಿ ಬರೆದಿಟ್ಟುಕೊಳ್ಳಿ.

ಮುಂದಿನ ಬ್ಯಾಚಿಗೆ ಶೆಡ್ಡಿನ ಮಧ್ಯೆ ಬಲೆ ಕಟ್ಟಿ, ಒಂದು ಕಡೆಗೆ ಮಾತ್ರ ಸಾರ ಹಾಕಿ. ವಾರಕ್ಕೊಮ್ಮೆ ಎರಡೂ ಕಡೆಯಿಂದ ಕೋಳಿ ತೂಗಿ, ಎಷ್ಟು ಫೀಡ್ ತಿಂದವು, ಎಷ್ಟು ಸತ್ತವು ಬರೆಯಿರಿ. ಸಾರಕ್ಕೆ ಕೊಟ್ಟ ದುಡ್ಡು ಹುಟ್ಟಿತೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ.