ಹೊಸ ಪೈಥಾನ್ ಹಾಕಿದ ಮೇಲೂ ಟರ್ಮಿನಲ್‌ನಲ್ಲಿ ಹಳೆಯದೇ ಓಡುತ್ತಿದೆ. ಪ್ರೋಗ್ರಾಂ ಎಲ್ಲಿದೆ ಎಂದು ಹೇಳುವ ‘ವಿಚ್’ ಆದೇಶ ಹೊಸದರ ಜಾಗವನ್ನೇ ತೋರಿಸುತ್ತಿದೆ. ಏಕೆ ಹೀಗೆ?

‘ವಿಚ್’ ಬಿಟ್ಟು ‘ಟೈಪ್’ ಕೊಟ್ಟು ನೋಡಿ. ನಿಮ್ಮ ಆದೇಶಗಳನ್ನು ಓದಿ ಓಡಿಸುವ ಬ್ಯಾಶ್ ಶೆಲ್, ‘ಪಾತ್’ ಎಂಬ ಪಟ್ಟಿಯಲ್ಲಿರುವ ಫೋಲ್ಡರ್‌ಗಳನ್ನು ಎಡದಿಂದ ಬಲಕ್ಕೆ ಹುಡುಕುತ್ತದೆ. ಹಸಿದು ಹುಬ್ಬಳ್ಳಿಯ ದುರ್ಗದಬೈಲಿಗೆ ಬಂದವರು ಮೊದಲು ಕಂಡ ಗಿರ್ಮಿಟ್ ಗಾಡಿಯ ಮುಂದೆಯೇ ನಿಲ್ಲುವಂತೆ, ಮೊದಲು ಸಿಕ್ಕ ಫೈಲನ್ನೇ ಓಡಿಸುತ್ತದೆ. ಅಷ್ಟೇ ಅಲ್ಲ, ಆ ವಿಳಾಸವನ್ನು ನೆನಪಿಟ್ಟುಕೊಂಡು ಮುಂದಿನ ಸಲ ಹುಡುಕದೆ ನೇರವಾಗಿ ಅಲ್ಲಿಗೇ ಹೋಗುತ್ತದೆ. ನಿಮ್ಮ ತೊಂದರೆಯ ಮೂಲ ಬಹುಶಃ ಇದೇ.

ಧಾರವಾಡದಲ್ಲಿ ವಿದ್ಯಾರ್ಥಿನಿಯೊಬ್ಬಳ ಲ್ಯಾಪ್‌ಟಾಪ್ ಮುಂದೆ ಇದಕ್ಕಾಗಿಯೇ ಒಂದು ಗಂಟೆ ಕುಳಿತಿದ್ದೆ. ‘ವಿಚ್’ ಪ್ರತಿ ಸಲ ಹೊಸದಾಗಿ ಹುಡುಕುವ ಬೇರೆಯೇ ಪ್ರೋಗ್ರಾಂ, ಶೆಲ್ಲಿನ ನೆನಪು ಅದಕ್ಕೆ ಕಾಣದು. ‘ಟೈಪ್’ ಶೆಲ್ಲಿನ ಒಳಗಿನದೇ. ಅದನ್ನು ಕೊಟ್ಟೊಡನೆ ಪೈಥಾನ್ ಹೆಸರಿನ ಮುಂದೆ ‘ಹ್ಯಾಶ್ಡ್’ ಎಂದೂ ಹಳೆಯ ವಿಳಾಸವೂ ಮೂಡಿದವು. ‘ಹ್ಯಾಶ್’ ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆಯ (ಹೈಫನ್) ಜೊತೆ ‘ಆರ್’ ಅಕ್ಷರ ಒತ್ತಿದೆವು. ನೆನಪು ಅಳಿಯಿತು, ಹೊಸ ಪೈಥಾನ್ ಓಡಿತು! ಹೊಸ ಟರ್ಮಿನಲ್ ತೆರೆದರೂ ಸಾಕಿತ್ತು, ಆದರೆ ಕಾರಣ ತಿಳಿಯುತ್ತಿರಲಿಲ್ಲ.

‘ಟೈಪ್’ ಜೊತೆ ಅಡ್ಡಗೆರೆ ‘ಎ’ ಸೇರಿಸಿದರೆ ಆ ಹೆಸರಿನ ಅಲಿಯಾಸ್ (ಆದೇಶಕ್ಕೆ ಕೊಟ್ಟ ಅಡ್ಡಹೆಸರು), ಫಂಕ್ಷನ್, ಫೈಲ್ ಎಲ್ಲವೂ ಸಾಲಾಗಿ ಬರುತ್ತವೆ. ಸ್ಕ್ರಿಪ್ಟ್ ಬರೆಯುವಾಗ ಮಾತ್ರ ‘ಕಮಾಂಡ್’ ಜೊತೆ ಅಡ್ಡಗೆರೆ ‘ವಿ’ ಬಳಸಿ. ಅದು ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗೆ ಸಾಮಾನ್ಯವಾದ ಪಾಸಿಕ್ಸ್ ಮಾನಕದಲ್ಲಿದೆ.