ಬೆಲ್ಟೇನ್ ಬೆಂಕಿ, ಸಂಕ್ರಾಂತಿ ಕಿಚ್ಚು: ಬಡಾವಣೆಯವರು ಸೇರಿ ಮಾಡಬಹುದೇ?

ಪ್ರಶ್ನೆ: ಯುರೋಪಿನ ಪೇಗನ್ ಜನ, ಅಂದರೆ ಕ್ರೈಸ್ತ ಧರ್ಮಕ್ಕಿಂತ ಹಳೆಯ ಆಚರಣೆ ಹಿಡಿದವರು, ವರ್ಷಕ್ಕೆ ಎಂಟು ಋತುಹಬ್ಬ ಮಾಡುತ್ತಾರಂತೆ. ಬೆಲ್ಟೇನ್ ದಿನ ಎರಡು ಬೆಂಕಿಯ ನಡುವೆ ದನ ಹಾಯಿಸುತ್ತಿದ್ದರು ಅಂತ ಓದಿದೆ. ನಮ್ಮ ಕಿಚ್ಚು ಹಾಯಿಸುವುದೂ ಅದೇ ಅಲ್ಲವೇ? ಮೈಸೂರಿನ ಹೊರಗಿನ ಬಡಾವಣೆಯಲ್ಲಿ ಹನ್ನೆರಡು ಮನೆಯವರಿದ್ದೇವೆ. ಪುರೋಹಿತರಿಲ್ಲದೆ ನಾವೇ ಮಾಡಬಹುದೇ?

ಉತ್ತರ:

ಪುರೋಹಿತರು ಬೇಕಿಲ್ಲ. ಕಿಚ್ಚಿಗೆ ಮಂತ್ರವೂ ಇಲ್ಲ, ದನದ ಮನೆಯವರೇ ಕರ್ಪೂರ ಹಚ್ಚಿ ಬೆಳಗಿದರೆ ಆಯಿತು. ಆದರೆ ದನ ಯಾರದು? ಅದಕ್ಕೆ ಉತ್ತರ ಇಲ್ಲದಿದ್ದರೆ ಮುಂದಿನದೆಲ್ಲ ಬರೀ ಕ್ಯಾಂಪ್ ಫೈರ್. ಬಾಡಿಗೆಗೆ ಎರಡು ಹಸು ಹಿಡಿದು ತರಬೇಡಿ. ಗುರುತಿಲ್ಲದ ಜಾಗ, ಗುರುತಿಲ್ಲದ ಕೈ, ಎದುರಿಗೆ ಬೆಂಕಿ ಅಂದರೆ ಹಗ್ಗ ಕಿತ್ತುಕೊಂಡು ಜನರ ಮೇಲೆಯೇ ನುಗ್ಗುತ್ತವೆ. ಪಕ್ಕದ ಹಳ್ಳಿಯಲ್ಲಿ ದನ ಕಟ್ಟಿರುವವರ ಜೊತೆ ಸೇರಿ, ಅವರ ಜಾಗದಲ್ಲೇ ಮಾಡಿ. ಒಮ್ಮೆಯೂ ನೋಡಿಲ್ಲವಾದರೆ ಈ ವರ್ಷ ಬೆಂಗಳೂರು ರಸ್ತೆಯ ಸಿದ್ದಲಿಂಗಪುರಕ್ಕೆ ಹೋಗಿ ನಿಂತು ನೋಡಿ, ಮುಂದಿನ ವರ್ಷ ಕೈ ಹಾಕಿ.

ಹೋಲಿಕೆಯ ಮಾತು. ಬೆಲ್ಟೇನ್ ಅಂದರೆ ಐರ್ಲೆಂಡಿನಲ್ಲಿ ಮೇ 1ರ ಸುಮಾರಿನ ಹಬ್ಬ. ಅವತ್ತು, ಬೇಸಿಗೆಯ ಹುಲ್ಲುಗಾವಲಿಗೆ ದನ ಹೊಡೆಯುವ ಮುನ್ನ, ವರ್ಷದ ರೋಗ ತಾಗದಿರಲಿ ಅಂತ ಎರಡು ಬೆಂಕಿಯ ನಡುವೆ ನಡೆಸುತ್ತಿದ್ದರು. ನಮ್ಮಲ್ಲಿ ಬತ್ತ ಕೊಯ್ದು ಕಣ ಮುಗಿದ ಮೇಲೆ, ಹುಲ್ಲು ಧಾರಾಳವಾಗಿರುವ ಹೊತ್ತಿಗೆ, ಬೆಂಕಿಯ ಮೇಲೆಯೇ ಹಾಯಿಸುತ್ತಾರೆ. ಆಸೆ ಒಂದೇ, ಕಾಲ ಬೇರೆ. ಎಂಟು ಹಬ್ಬದ ಚಕ್ರವಂತೂ ಇಪ್ಪತ್ತನೇ ಶತಮಾನದ ಮಧ್ಯದಲ್ಲಿ ಬ್ರಿಟನ್ನಿನಲ್ಲಿ ಕೂಡಿಸಿದ್ದು, ಅದನ್ನು ಇಲ್ಲಿಗೆ ಎಳೆದು ತರಬೇಡಿ. ಆ ಚಕ್ರ ಬಹುಮಟ್ಟಿಗೆ ಹಗಲಿನ ಏರಿಳಿತಕ್ಕೆ ಕಟ್ಟಿದ್ದು. ಲಂಡನ್ನಿನಲ್ಲಿ ಅತಿ ಸಣ್ಣ ಹಗಲಿಗೂ ಅತಿ ದೊಡ್ಡ ಹಗಲಿಗೂ ಎಂಟು ಗಂಟೆಗೂ ಹೆಚ್ಚು ಅಂತರ. ಮೈಸೂರಿನಲ್ಲಿ ಒಂದೂವರೆ ಗಂಟೆ ಆಸುಪಾಸು. ನಮ್ಮವರು ಹಗಲು ಅಳೆದು ಬೇಸಾಯ ಮಾಡಿದವರಲ್ಲ, ಭರಣಿ, ರೋಹಿಣಿ, ಆರಿದ್ರೆ ಅಂತ ಮಳೆ ಎಣಿಸಿದವರು. ಸಂಕ್ರಾಂತಿಯೂ ಈಗ ಉತ್ತರಾಯಣ ಶುರುವಾಗುವ ದಿನವಲ್ಲ. ಸೂರ್ಯ ತಿರುಗುವುದು ಡಿಸೆಂಬರ್ 21-22ಕ್ಕೆ. ಭೂಮಿಯ ಅಕ್ಷ ನಿಧಾನವಾಗಿ ಓಲಾಡುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಮುಂದೆ ಸರಿಯುತ್ತಾ, ಹಬ್ಬ ಜನವರಿ 14-15ಕ್ಕೆ ಬಂದು ನಿಂತಿದೆ. ದನಕ್ಕೆ ಇದ್ಯಾವುದೂ ಬೇಕಿಲ್ಲ ಬಿಡಿ.

ಕೆಲಸ ಹಿಂದಿನ ದಿನವೇ ಶುರು. ಕೊಂಬು ಹೆರೆದು ಬಣ್ಣ ಬಳಿಯುವುದಿದ್ದರೆ ಅವತ್ತೇ ಮುಗಿಸಿ. ಹಸಿ ಆಯಿಲ್ ಪೇಂಟ್ ಮೆತ್ತಿಕೊಂಡು ಬೆಂಕಿಯ ಹತ್ತಿರ ಹೋಗಬಾರದು. ಹೆರೆಯುವಾಗ ಮೇಲಿನ ಒರಟು ಪದರ ಹೋದರೆ ಸಾಕು, ಒಳಗೆ ಜೀವ ಇದೆ, ಆಳಕ್ಕೆ ಹೋದರೆ ರಕ್ತ ಬರುತ್ತದೆ. ಹಬ್ಬದ ದಿನ ಬಿಸಿಲೇರಿದ ಮೇಲೆ, ಹತ್ತು ಹನ್ನೊಂದರ ಹೊತ್ತಿಗೆ, ಹುಲ್ಲಿನ ಸಿಂಬೆಯಲ್ಲಿ ತಿಕ್ಕಿ ಮೈ ತೊಳೆಯಿರಿ. ನನ್ನ ಪ್ರಕಾರ ಹಬ್ಬ ಇರುವುದೇ ಇಲ್ಲಿ. ಕಿಚ್ಚು ಹಾಯಿಸಿದರೆ ರಕ್ತ ಹೀರುವ ಉಣ್ಣೆ ಹುಳ ಸಾಯುತ್ತದೆ ಅನ್ನುತ್ತಾರೆ. ಅದು ಕೂತಿರುವುದು ಕಿವಿಯೊಳಗೆ, ಬಾಲದ ಬುಡದಲ್ಲಿ, ಕೆಚ್ಚಲ ಸಂದಿಯಲ್ಲಿ. ಒಂದು ಕ್ಷಣದ ಉರಿ ಅಲ್ಲಿಗೆ ಮುಟ್ಟುವುದಿಲ್ಲ. ತೊಳೆಯುವಾಗ ಕೈಗೆ ಸಿಕ್ಕಿದ್ದನ್ನು ಕಿತ್ತು ಹಾಕಿದರೆ ನಿಜವಾದ ಉಪಕಾರ.

ಅಲಂಕಾರಕ್ಕೆ ಅರಿಶಿನ, ಹೂವು, ಗೆಜ್ಜೆ ಸಾಕು. ಬಲೂನು, ಪ್ಲಾಸ್ಟಿಕ್ ಹಾರ, ಬಣ್ಣದ ಕಾಗದ, ನೈಲಾನ್ ಮೂಗುದಾರ ಇವೆಲ್ಲ ಹೊತ್ತಿಕೊಳ್ಳುತ್ತವೆ, ಇಲ್ಲವೇ ಕರಗಿ ಚರ್ಮಕ್ಕೆ ಅಂಟುತ್ತವೆ. ಹಿಡಿಯುವವರೂ ಹತ್ತಿ ಬಟ್ಟೆ ಹಾಕಿರಲಿ, ಪಂಚೆ ಇದ್ದರೆ ಎತ್ತಿ ಕಟ್ಟಿರಲಿ.

ಇನ್ನು ಹುಲ್ಲು. ಹದಿನೈದು ಅಡಿ ಉದ್ದ, ಎರಡು ಅಡಿ ಅಗಲ, ಅರ್ಧ ಅಡಿ ಎತ್ತರದ ಸಾಲು ಸಾಕು. ಉರಿ ಮೊಣಕಾಲು ಮೀರಬಾರದು. ಬತ್ತದ ಹುಲ್ಲು ಒಂದೆರಡು ನಿಮಿಷಕ್ಕೆ ಉರಿದು ಹೋಗುವುದರಿಂದ ಒಮ್ಮೆಲೇ ರಾಶಿ ಹಾಕುವ ಆಸೆ ಬರುತ್ತದೆ. ಬೇಡ. ಅಷ್ಟೇ ಹುಲ್ಲು ಪಕ್ಕಕ್ಕಿಟ್ಟುಕೊಂಡು, ಉರಿ ಇಳಿದಾಗ ಇಬ್ಬರು ಉದ್ದ ಕೋಲಿನಲ್ಲಿ ದೂಡುತ್ತಿರಲಿ. ಮೆಷಿನ್ನಿನಲ್ಲಿ ಒತ್ತಿ ಸುತ್ತಿದ ಹುಲ್ಲಾದರೆ ಪೂರ್ತಿ ಬಿಡಿಸಿ ಉದುರಿಸಿ, ಇಲ್ಲವಾದರೆ ಬರೀ ಹೊಗೆ. ಇಬ್ಬನಿ ಕುಡಿದ ಹುಲ್ಲೂ ಹಾಗೆಯೇ. ಹೊಗೆಯಲ್ಲಿ ದಾರಿ ಕಾಣದೆ ದನ ನಿಂತುಬಿಡುತ್ತದೆ, ಹಿಂದಿನದು ಬಂದು ಗುದ್ದುತ್ತದೆ, ಅನಾಹುತ ಆಗುವುದು ಹೆಚ್ಚಾಗಿ ಹೀಗೆ. ಸೀಮೆಎಣ್ಣೆ, ಪೆಟ್ರೋಲ್ ಹತ್ತಿರವೂ ತರಬೇಡಿ. ಜಾಗ ಮಣ್ಣಿನದಿರಲಿ. ಮೇಲೆ ಕರೆಂಟ್ ತಂತಿ, ಹತ್ತಿರದಲ್ಲಿ ಹುಲ್ಲಿನ ಮೆದೆ, ಒಣಗಿದ ಕಬ್ಬು ಇರಬಾರದು. ಎರಡು ಡ್ರಮ್ ನೀರು, ನಾಲ್ಕು ನೆನೆಸಿದ ಗೋಣಿಚೀಲ ಕೈಗೆ ಸಿಗುವಂತಿರಲಿ.

ಜನವರಿ ನಡುವಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಆರೂ ಕಾಲರ ಸುಮಾರಿಗೆ. ಹಚ್ಚುವುದು ಅದಕ್ಕೆ ಸ್ವಲ್ಪ ಮುಂಚೆ, ಬೆಳಕಿದ್ದಾಗಲೇ. ಧೈರ್ಯದ ಎತ್ತು ಮೊದಲು ಹೋಗಲಿ, ಉಳಿದವು ಅದರ ಬಾಲ ಹಿಡಿಯುತ್ತವೆ. ಹಾದ ಮೇಲೆ ನಿಲ್ಲಲು ನೂರು ಅಡಿಯಾದರೂ ಖಾಲಿ ಜಾಗ ಬೇಕು. ಫೋನ್ ಹಿಡಿದವರು ನಿಲ್ಲುವುದು ಸರಿಯಾಗಿ ಅಲ್ಲೇ, ಅವರನ್ನು ಪಕ್ಕಕ್ಕೆ ಸರಿಸಲು ಒಬ್ಬರನ್ನು ನೇಮಿಸಿ. ಹಗ್ಗ ಕೈಗೆ ಸುತ್ತಿಕೊಳ್ಳಬೇಡಿ. ಗಬ್ಬದ ಹಸು, ಕರು, ಕೆಚ್ಚಲು ಜೋಲುವ ಸೀಮೆ ಹಸು ಹಾಯುವುದು ಬೇಡ, ಆರತಿ ಎತ್ತಿದರೆ ಸಾಕು. ಹಳ್ಳಿಕಾರ್ ಎತ್ತುಗಳಿಗಾದರೆ ನೆಗೆತ ಹಗುರ. ಮೊದಲ ಸಲ ಅಂಜಿಕೆಯಿದ್ದರೆ ಐರ್ಲೆಂಡಿನವರ ಕ್ರಮವನ್ನೇ ಎರವಲು ತನ್ನಿ: ಸಾಲಿನ ನಡುವೆ ಏಳೆಂಟು ಅಡಿ ಬಿಟ್ಟು ಎರಡು ಕಡೆ ಹಚ್ಚಿದರೆ ದನ ನಡೆದೇ ಹೋಗುತ್ತದೆ. ಹೆದರಿ ಹಿಂದೆ ಸರಿದ ದನವನ್ನು ಎರಡನೇ ಸಲ ಎಳೆಯಬೇಡಿ.

ಮುಗಿದ ಮೇಲೆ ಗೊರಸು, ಹೊಟ್ಟೆಯ ಕೆಳಗೆ ನೋಡಿ. ಸುಟ್ಟಿದ್ದರೆ ತಣ್ಣೀರು ಹಾಕುತ್ತಾ ಇರಿ, ಅರಿಶಿನ, ಸುಣ್ಣ ಮೆತ್ತಬೇಡಿ, ಪಶುವೈದ್ಯರಿಗೆ 1962ಕ್ಕೆ ಫೋನ್ ಮಾಡಿ. ಕಿಚ್ಚಿಗಿಂತ ಹೆಚ್ಚು ಕೆಡುಕು ಮಾಡುವುದು ಪ್ರೀತಿ: ಹನ್ನೆರಡು ಮನೆಯವರೂ ಒಂದೊಂದು ಬೋಗುಣಿ ಸಿಹಿ ಹುಗ್ಗಿ ತಿನ್ನಿಸಿದರೆ ರಾತ್ರಿಗೆ ಹೊಟ್ಟೆ ಹುಳಿಯಾಗಿ ಉಬ್ಬರಿಸುತ್ತದೆ. ಒಂದು ದನಕ್ಕೆ ಎಲ್ಲ ಸೇರಿ ಒಂದೆರಡು ತುತ್ತು. ಉಳಿದದ್ದಕ್ಕೆ ಕಬ್ಬಿನ ಹಸಿ ಸೋಗೆ ಕೊಡಿ.

ಎಳ್ಳು-ಬೆಲ್ಲ ನಿಮ್ಮ ಪಾಲಿಗಿರಲಿ. ಕೊಬ್ಬರಿ, ಬೆಲ್ಲ, ಕಡಲೆಕಾಯಿ ಬೀಜ, ಹುರಿಗಡಲೆ ತಲಾ ಒಂದು ಕಿಲೋ, ಬಿಳಿ ಎಳ್ಳು ಕಾಲು ಕಿಲೋ ಹಾಕಿದರೆ ನೂರು ಗ್ರಾಮಿನ ನಲವತ್ತು ಪೊಟ್ಟಣ ಆಗುತ್ತವೆ. ಅಚ್ಚುಬೆಲ್ಲ ಚೂರು ಮಾಡಿ ಎರಡು ಮೂರು ದಿನ ಬಿಸಿಲಿಗಿಡಿ, ಹುರಿದದ್ದು ಪೂರ್ತಿ ಆರಿದ ಮೇಲೆ ಬೆರೆಸಿ, ಇಲ್ಲದಿದ್ದರೆ ಬೆಲ್ಲ ನೀರೊಡೆದು ಎಲ್ಲ ಮುದ್ದೆಯಾಗುತ್ತದೆ. ಮೊದಲ ಪೊಟ್ಟಣ ದನದ ಮನೆಯವರಿಗೆ, ಅವರ ಬಾಗಿಲಿಗೇ ಹೋಗಿ ಕೊಡಿ.